ಗಣಕಯಂತ್ರದ ನಿದ್ರೆಯೂ ಅದರ ಬೀಗವೂ

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸವನ್ನೂ ಐಚ್ಛಿಕ ಕನ್ನಡವನ್ನೂ ಓದಿ ಈ ವರ್ಷ ಬಿ.ಎ. ಅಂತಿಮ ಪರೀಕ್ಷೆಗೆ ಕೂಡಲಿರುವವನು. ಗಣಕಯಂತ್ರದ ವಿಷಯವಾಗಿ ಲೇಖನ ಬರೆದುಕೊಡುತ್ತೇನೆಂದಾಗ ನಮ್ಮ ಅಧ್ಯಾಪಕರೊಬ್ಬರು ನಕ್ಕು, “ಏನಪ್ಪಾ, ಶಾಸನಗಳನ್ನು ಬಿಟ್ಟು ಇತ್ತ ಕಡೆ ಬಂದುಬಿಟ್ಟೆ?” ಎಂದರು. ನಿಜ ಹೇಳಬೇಕೆಂದರೆ ನಾನು ವಿಷಯವನ್ನು ಹುಡುಕಿಕೊಂಡು ಹೋಗಲಿಲ್ಲ. ವಿಷಯವೇ ನನ್ನ ತಪ್ಪಿನ ಬೆನ್ನು ಹತ್ತಿ ಬಂದಿತು. ಆ ತಪ್ಪನ್ನು ಇನ್ನಾರೂ ಮಾಡದಿರಲೆಂದು ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಬಲ್ಲವರಿಗೆ ಇದರಲ್ಲಿ ಹೊಸತೇನೂ ಇರಲಾರದು. ಆದರೆ ನಮ್ಮ ಕಾಲೇಜಿನಲ್ಲಿ ನನ್ನಂತೆಯೇ ಬಲ್ಲೆನೆಂದುಕೊಂಡಿರುವವರು ಬಹಳ ಮಂದಿ ಇದ್ದಾರೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ.

ನಮ್ಮೂರು ಶ್ರೀನಿವಾಸಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಸುತ್ತ ಮಾವಿನ ತೋಪು, ನಡುವೆ ನಾಲ್ಕಾರು ಬೀದಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. 2023ರ ಜುಲೈ ತಿಂಗಳಲ್ಲಿ ಟೊಮೆಟೊ ಬೆಲೆ ಹಿಂದೆಂದೂ ಕಾಣದಷ್ಟು ಏರಿ, ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋಗ್ರಾಂ ಪೆಟ್ಟಿಗೆ 2000 ರೂಪಾಯಿಯನ್ನೂ ದಾಟಿತ್ತಷ್ಟೆ; ಆಗ ಅಪ್ಪನಿಗೆ ಕೈಗೆ ಬಂದ ನಾಲ್ಕು ಕಾಸಿನಲ್ಲಿ ನನಗೊಂದು ಹಳೆಯ ಲ್ಯಾಪ್‌ಟಾಪು ಬಂದಿತು. ಎರಡನೆಯ ಕೈಯ ಮಾಲು. ಹಿಂದೆ ಯಾವುದೋ ಕಚೇರಿಯಲ್ಲಿ ದುಡಿದು ದಣಿದ ಯಂತ್ರ. ಅದರ ಬ್ಯಾಟರಿಯಂತೂ ಮುದುಕರ ಹಲ್ಲಿನಂತೆ, ಇದ್ದೂ ಇಲ್ಲದಂತೆ.

ಈ ಪೆಟ್ಟಿಗೆ ಮನೆಗೆ ಬಂದ ಮೇಲೆ ನಾನು ನಮ್ಮೂರಿಗೆ ಒಂದು ಬಗೆಯ ಶಾನುಭೋಗನಾದೆ. ವಿದ್ಯಾರ್ಥಿವೇತನದ ಅರ್ಜಿ, ಬೆಳೆವಿಮೆ, ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ಅದರ ತಕರಾರು, ಯಾರದೋ ಪಿಂಚಣಿ ನಿಂತುಹೋದರೆ ಅದರ ಮನವಿ, ಎಲ್ಲವೂ ನನ್ನ ಬಳಿಗೆ. ಜನರು ಆಧಾರ್ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಜಾತಿ ಮತ್ತು ಆದಾಯದ ಪ್ರಮಾಣಪತ್ರ ಇವನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ತಂದು ನಮ್ಮ ಜಗುಲಿಯ ಮೇಲೆ ಇಟ್ಟು ಹೋಗುವರು. ನಾನು ಒಂದೊಂದನ್ನೂ ಚಿತ್ರ ತೆಗೆದು ಯಂತ್ರದೊಳಗೆ ತುಂಬಿಸಿ ಅರ್ಜಿ ಹಾಕುತ್ತಿದ್ದೆ. ಹಣ ಕೇಳುತ್ತಿರಲಿಲ್ಲ. ಮಾವಿನ ಕಾಲದಲ್ಲಿ ಒಂದು ಬುಟ್ಟಿ ಬಾದಾಮಿ ಬಂದರೆ ಬೇಡವೆನ್ನುತ್ತಲೂ ಇರಲಿಲ್ಲ.

ಕಳೆದ ವರ್ಷ ಮಾವಿನ ಕಾಲ ಮುಗಿದ ಮೇಲೆ ನಡೆದ ಸಂಗತಿ. ನಮ್ಮ ಬೀದಿಯ ವಿಧವೆಯೊಬ್ಬರು, ನಾನು ಅತ್ತೆಯೆಂದು ಕರೆಯುವವರು, ತಮ್ಮ ವಿಧವಾ ವೇತನ ನಿಂತುಹೋಗಿದೆಯೆಂದು ಕಾಗದಗಳನ್ನು ತಂದುಕೊಟ್ಟರು. ರಾತ್ರಿ ಕುಳಿತು ಅರ್ಧ ಅರ್ಜಿ ತುಂಬಿಸಿದೆ. ಕರೆಂಟು ಹೋಯಿತು. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಬಂದಿತೆಂದು ನಾವೆಲ್ಲ ಇತಿಹಾಸದಲ್ಲಿ ಹೆಮ್ಮೆಯಿಂದ ಓದಿದ್ದೇವೆ. ನಮ್ಮ ಬೀದಿಗೆ ಅದು ಬಂದು ಹೋಗಿ ಮಾಡುವುದು ಇಂದಿಗೂ ನಿಂತಿಲ್ಲ. ಉಳಿದುದನ್ನು ಕಾಲೇಜಿನಲ್ಲಿ ಮುಗಿಸೋಣವೆಂದು ಬೆಳಗ್ಗೆ ಯಂತ್ರವನ್ನು ಸ್ವಲ್ಪ ಹೊತ್ತು ಚಾರ್ಜಿಗೆ ಹಾಕಿ, ಮುಚ್ಚಳ ಮುಚ್ಚಿ, ಚೀಲಕ್ಕೆ ಹಾಕಿಕೊಂಡು ಕೋಲಾರದ ಮೇಲೆ ಮಾಲೂರಿಗೆ ಹೋಗುವ ಬಸ್ಸು ಹತ್ತಿದೆ. ಕೋಲಾರದಲ್ಲಿ ಇಳಿಯುವಾಗ ಊಟದ ಡಬ್ಬಿಯನ್ನು ಮರೆಯದೆ ಕೈಗೆತ್ತಿಕೊಂಡೆ. ಲ್ಯಾಪ್‌ಟಾಪಿನ ಚೀಲ ಮಾತ್ರ ತಲೆಯ ಮೇಲಿನ ಸಾಮಾನಿನ ಅಟ್ಟದಲ್ಲಿಯೇ ಉಳಿದು ಮಾಲೂರಿಗೆ ಹೋಯಿತು.

ಬಸ್ ನಿಲ್ದಾಣದಲ್ಲಿ ಅಲ್ಲಿ ಇಲ್ಲಿ ವಿಚಾರಿಸುತ್ತ ಅಲೆಯುವಾಗ ನನ್ನ ಮನಸ್ಸಿಗೆ ನಾನೇ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ: ‘ಹೋದರೆ ಯಂತ್ರ ಹೋದೀತು, ಒಳಗಿರುವುದು ಯಾರಿಗೂ ಸಿಕ್ಕುವುದಿಲ್ಲ. ಬ್ಯಾಟರಿ ಇಷ್ಟು ಹೊತ್ತಿಗೆ ಮುಗಿದು ಯಂತ್ರ ಆರಿಹೋಗಿರುತ್ತದೆ. ಮತ್ತೆ ಹೊತ್ತಿಸಿದರೆ ಗುಪ್ತಪದ ಕೇಳುತ್ತದೆ.’ ಬೆಳಗ್ಗೆ ಯಂತ್ರವನ್ನು ಹೊತ್ತಿಸಿದಾಗಲೆಲ್ಲ ಅದು ಗುಪ್ತಪದ, ಅಂದರೆ ಪಾಸ್‌ವರ್ಡು, ಕೇಳುತ್ತಿದ್ದುದನ್ನು ನಾನು ದಿನವೂ ಕಂಡಿದ್ದೆನಾದ್ದರಿಂದ ಈ ನಂಬಿಕೆ.

ಚೀಲ ಸಿಕ್ಕಿತು. ಬಸ್ಸಿನವರು ಅದನ್ನು ಮಾಲೂರಿನ ಒಂದು ಟೀ ಅಂಗಡಿಯಲ್ಲಿ ಒಪ್ಪಿಸಿದ್ದರು. ಅಂಗಡಿಯವರು ಒಳ್ಳೆಯವರು. ಯಾರದೆಂದು ತಿಳಿಯಲು ಸಂಜೆ ಚೀಲ ಬಿಚ್ಚಿ, ಅದರಲ್ಲಿಯೇ ಇದ್ದ ಚಾರ್ಜರನ್ನು ಗೋಡೆಗೆ ಸಿಕ್ಕಿಸಿ, ಗುಂಡಿಯೊತ್ತಿದರು. ಯಂತ್ರ ಎದ್ದಿತು. ಗುಪ್ತಪದ ಕೇಳಲಿಲ್ಲ. ನಾನು ರಾತ್ರಿ ಎಲ್ಲಿ ಬಿಟ್ಟಿದ್ದೆನೋ ಅಲ್ಲಿಯೇ, ಅತ್ತೆಯ ಅರ್ಜಿಯೂ ಅದರ ಪಕ್ಕದಲ್ಲಿ ಅವರ ಪಾಸ್‌ಬುಕ್ಕಿನ ಚಿತ್ರವೂ ಹಾಗೆಯೇ ತೆರೆದುಕೊಂಡವು. ಅರ್ಜಿಯಲ್ಲಿದ್ದ ಸಂಖ್ಯೆಗೆ ಅಂಗಡಿಯವರು ಫೋನು ಮಾಡಿದರು. ಆ ಮನೆಗೆ ಇರುವುದು ಒಂದೇ ಫೋನು. ಆ ಹೊತ್ತಿನಲ್ಲಿ ಅದು ಅತ್ತೆಯ ಮೈದುನನ ಕೈಯಲ್ಲಿತ್ತು. ಯಾರ ಪಾಸ್‌ಬುಕ್ಕು, ಅದರಲ್ಲಿ ಏನಿದೆ ಎಂದು ಅವರು ಕೇಳಿದರಂತೆ. ಅಂಗಡಿಯವರು, ಗುರುತು ಹಿಡಿಯುವುದಕ್ಕಾಗಿ ಕೇಳುತ್ತಿದ್ದಾರೆಂದುಕೊಂಡು, ಹೆಸರನ್ನೂ ಕೊನೆಯ ಸಾಲಿನ ಮೊತ್ತವನ್ನೂ ಓದಿ ಹೇಳಿದರಂತೆ.

ಆ ಮೊತ್ತ ಆ ಮನೆಯಲ್ಲಿ ಅತ್ತೆಯ ಹೊರತು ಇನ್ನಾರಿಗೂ ತಿಳಿಯದು. ಎರಡು ಹಸುವಿನ ಹಾಲಿನಿಂದಲೂ ತೋಪಿನ ಕೂಲಿಯಿಂದಲೂ ಕೂಡಿಸಿ, ಮಗಳನ್ನು ನರ್ಸಿಂಗ್ ಓದಿಸಬೇಕೆಂದು ಕಟ್ಟಿಟ್ಟ ಹಣ. ಮೈದುನನಿಗೆ ಕೊಳವೆಬಾವಿ ತೋಡಿಸುವ ಹಂಬಲ ಬಹುಕಾಲದಿಂದ ಇತ್ತು. ಒಂದು ತಿಂಗಳ ಮಾತುಕತೆ, ಜಗಳ, ಪಂಚಾಯಿತಿಗಳಾದ ಮೇಲೆ ಆ ಹಣದಲ್ಲಿ ಒಂದು ಭಾಗ ಸಾಲವಾಗಿ ಹೋಯಿತು. ನಮ್ಮ ಸೀಮೆಯ ಕೊಳವೆಬಾವಿಯ ಕಥೆಯನ್ನು ನಮ್ಮವರಿಗೇ ನಾನು ಹೇಳಬೇಕಾಗಿಲ್ಲ. ಸಾವಿರ ಅಡಿಯ ಮೇಲೆ ಕೊರೆದರೂ ಬಂದುದು ಬರೀ ಧೂಳು.

“ಏನಪ್ಪಾ, ನೀನು ಓದಿದೋನು, ಬೀಗ ಹಾಕಿರ್ತೀಯ ಅಂದ್ಕೊಂಡೆ” ಎಂದಷ್ಟೇ ಅತ್ತೆ ನನಗೆ ಹೇಳಿದ್ದು. ಬೈದಿದ್ದರೆ ಒಳ್ಳೆಯದಿತ್ತು.

ಬೀಗ ಹಾಕಿದ್ದೆನೆಂದೇ ನಾನೂ ತಿಳಿದಿದ್ದೆ. ಹಾಗಾದರೆ ಅದು ತೆರೆದುಕೊಂಡದ್ದು ಹೇಗೆ? ಇದನ್ನು ನನಗೆ ಬಿಡಿಸಿ ಹೇಳಿದವನು ಮುಳಬಾಗಿಲಿನ ನನ್ನ ಸಹಪಾಠಿ. ಅವನು ಸಂಜೆಯ ಹೊತ್ತು ಗಣಕಯಂತ್ರ ರಿಪೇರಿಯ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಅವನು ಹೇಳಿದ್ದನ್ನೂ ಆಮೇಲೆ ನಾನು ಓದಿಕೊಂಡಿದ್ದನ್ನೂ ಸೇರಿಸಿ ಹೇಳುತ್ತೇನೆ.

ಗಣಕಯಂತ್ರಕ್ಕೆ ಎರಡು ಬಗೆಯ ನೆನಪು ಉಂಟು. ಮಂಡಿಯಲ್ಲಿ ಹರಾಜು ನಡೆಯುವಾಗ ಗುಮಾಸ್ತನು ಕೈಯಲ್ಲಿರುವ ಹಲಗೆಯ ಮೇಲೆ ಬಳಪದಿಂದ ಬೇಗ ಬೇಗ ಲೆಕ್ಕ ಗೀಚಿಕೊಳ್ಳುತ್ತಾನೆ ಎಂದಿಟ್ಟುಕೊಳ್ಳಿ. ಅದು ಮೊದಲನೆಯದು, ರ‍್ಯಾಮ್ ಎಂದು ಕರೆಯುವ ಶೀಘ್ರಸ್ಮೃತಿ. ನಾವು ತೆರೆದಿಟ್ಟ ಅರ್ಜಿ, ಚಿತ್ರ, ಬರೆಯುತ್ತಿರುವ ಕಾಗದ ಎಲ್ಲವೂ ಆ ಕ್ಷಣದಲ್ಲಿ ಇರುವುದು ಈ ಹಲಗೆಯ ಮೇಲೆ. ವಿದ್ಯುತ್ತು ನಿಂತೊಡನೆ ಹಲಗೆ ಒರೆಸಿಹೋಗುತ್ತದೆ. ಎರಡನೆಯದು ಅಂಗಡಿಯೊಳಗಿನ ಲೆಕ್ಕದ ಪುಸ್ತಕ, ಅಂದರೆ ಡಿಸ್ಕು. ಅದರಲ್ಲಿ ಬರೆಯುವುದು ನಿಧಾನ. ಆದರೆ ಬರೆದದ್ದು ಕರೆಂಟು ಹೋದರೂ ಉಳಿಯುತ್ತದೆ.

ಈಗ ಯಂತ್ರದ ವಿಶ್ರಾಂತಿಯ ಪ್ರಕಾರಗಳು. ಪೂರ್ತಿ ಆರಿಸಿದರೆ (ಶಟ್‌ಡೌನ್) ತೆರೆದಿದ್ದ ಕೆಲಸಗಳೆಲ್ಲ ಮುಚ್ಚಿ, ಬಳಕೆದಾರನನ್ನು ಹೊರಗೆ ಕಳಿಸಿ, ಅಂಗಡಿಯ ಬಾಗಿಲು ಹಾಕಿದಂತೆ. ಮರುದಿನ ಬಂದವನು ಹೊಸಬನೆಂದೇ ಯಂತ್ರ ಭಾವಿಸುತ್ತದೆ, ಗುಪ್ತಪದ ಕೇಳುತ್ತದೆ. ಮುಚ್ಚಳ ಮುಚ್ಚಿದರೆ ಸಾಮಾನ್ಯವಾಗಿ ಆಗುವುದು ಲಘುನಿದ್ರೆ, ಸ್ಲೀಪ್. ಆಗ ಪರದೆ ಕತ್ತಲಾಗುತ್ತದೆ, ಮಿಕ್ಕ ಭಾಗಗಳು ನಿಲ್ಲುತ್ತವೆ. ಗುಮಾಸ್ತ ಮಾತ್ರ ಹಲಗೆಯನ್ನು ಕೆಳಗಿಡದೆ ನಿಂತೇ ತೂಕಡಿಸುತ್ತಾನೆ. ಹಲಗೆ ಅಳಿಯದಿರಲು ಹನಿ ಹನಿಯಾಗಿ ವಿದ್ಯುತ್ತು ಬೇಕೇ ಬೇಕು. ಮೂರನೆಯದೇ ಹೈಬರ್ನೇಶನ್, ನಾನು ಇದನ್ನು ದೀರ್ಘನಿದ್ರೆ ಎನ್ನುತ್ತೇನೆ. ಇದರಲ್ಲಿ ಗುಮಾಸ್ತನು ಹಲಗೆಯ ಮೇಲಿದ್ದುದನ್ನೆಲ್ಲ ಒಂದು ಅಕ್ಷರ ಬಿಡದೆ ಪುಸ್ತಕದ ಬೇರೊಂದು ಹಾಳೆಗೆ ನಕಲು ಮಾಡಿಟ್ಟು, ದೀಪ ಆರಿಸಿ ಹೊರಟುಹೋಗುತ್ತಾನೆ. ವಿದ್ಯುತ್ತು ಬೇಕಿಲ್ಲ. ಒಂದು ದಿನ ಬಿಟ್ಟು ಹೊತ್ತಿಸಿ, ಒಂದು ತಿಂಗಳು ಬಿಟ್ಟು ಹೊತ್ತಿಸಿ, ಆ ಹಾಳೆಯನ್ನು ನೋಡಿಕೊಂಡು ಹಲಗೆಯನ್ನು ಮತ್ತೆ ಹಾಗೆಯೇ ತುಂಬಿಸಿಬಿಡುತ್ತಾನೆ.

ಪ್ರಾಣಿಶಾಸ್ತ್ರದಿಂದ ತಂದ ಹೆಸರು ಇದು. ಶೀತದೇಶಗಳ ಕೆಲವು ಪ್ರಾಣಿಗಳು ಚಳಿಗಾಲವಿಡೀ ಮಲಗುತ್ತವೆಯಂತೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಬೇಸಗೆಯಲ್ಲಿ ನಮ್ಮ ಕೆರೆಯಂಗಳ ಒಣಗಿ ಬಿರಿದಾಗ ಕಪ್ಪೆಗಳು ಮಣ್ಣಿನೊಳಗೆ ಹುದುಗಿ ಸತ್ತಂತೆ ಬಿದ್ದಿದ್ದು, ಮೊದಲ ಮಳೆಗೆ ಒಂದೇ ಸಮನೆ ಕೂಗುತ್ತ ಮೇಲೆದ್ದು ಬರುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. ಸತ್ತಿದ್ದುದಲ್ಲ, ಮಲಗಿದ್ದುದು.

ಯಂತ್ರದ ಈ ನಿದ್ರಾವಸ್ಥೆಗಳಿಗೆಲ್ಲ ಒಂದು ಸಾಮಾನ್ಯ ಕ್ರಮವನ್ನು ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸಂಸ್ಥೆಗಳು ಸೇರಿ 1996ರ ಡಿಸೆಂಬರಿನಲ್ಲಿ ಪ್ರಕಟಿಸಿದುವು. ಎಸಿಪಿಐ ಎಂದು ಅದರ ಹೆಸರು. ಅದರಲ್ಲಿ ಲಘುನಿದ್ರೆಗೆ ಎಸ್-3, ದೀರ್ಘನಿದ್ರೆಗೆ ಎಸ್-4 ಎಂದು ಸಂಕೇತ. ವಿಂಡೋಸ್ ಯಂತ್ರಗಳಲ್ಲಿ ಆ ನಕಲು ಹಾಳೆ ‘ಹೈಬರ್‌ಫಿಲ್’ ಎಂಬ ಹೆಸರಿನ ಕಡತವಾಗಿ ಡಿಸ್ಕಿನಲ್ಲಿ ಕುಳಿತಿರುತ್ತದೆ. ಅದು ಗುಪ್ತ ಕಡತವಾದ್ದರಿಂದ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ.

ನನ್ನ ಯಂತ್ರದಲ್ಲಿ ನಡೆದುದು ಇಷ್ಟು. ಮುಚ್ಚಳ ಮುಚ್ಚಿದಾಗ ಲಘುನಿದ್ರೆಗೆ ಹೋಯಿತು. ಮಾಲೂರಿನಲ್ಲಿ ಬಿದ್ದಿದ್ದಾಗ ಮುದಿ ಬ್ಯಾಟರಿ ಇಳಿಯುತ್ತ ಬಂದಿತು. ಇನ್ನು ಮುಗಿದೇಹೋಗುತ್ತದೆ ಎನ್ನುವಷ್ಟರಲ್ಲಿ, ಅರ್ಧ ಮಾಡಿದ ಕೆಲಸ ನಷ್ಟವಾಗಬಾರದೆಂಬ ಸದುದ್ದೇಶದಿಂದ, ಯಂತ್ರವು ತಾನಾಗಿಯೇ ದೀರ್ಘನಿದ್ರೆಗೆ ಜಾರಿತು. ನಾನು ಆರಿಹೋಗಿದೆಯೆಂದುಕೊಂಡಿದ್ದುದು ವಾಸ್ತವವಾಗಿ ಕೆರೆಯ ಕಪ್ಪೆಯಾಗಿತ್ತು.

ಆದರೂ ಎಚ್ಚರವಾದಾಗ ಗುಪ್ತಪದ ಕೇಳಬಹುದಿತ್ತಲ್ಲ? ಕೇಳಬಹುದಿತ್ತು, ಕೇಳದಂತೆ ಮಾಡಿದವನು ನಾನೇ. ಇಲ್ಲಿಯೇ ಮುಖ್ಯವಾದ ವಿಷಯ ಇರುವುದು. ಹೊಸದಾಗಿ ಹೊತ್ತಿದಾಗ ಕೇಳುವ ಬೀಗ ಒಂದು, ನಿದ್ರೆಯಿಂದ ಎದ್ದಾಗ ಕೇಳುವ ಬೀಗ ಇನ್ನೊಂದು. ಗುಪ್ತಪದ ಅದೇ ಆದರೂ, ಅದನ್ನು ಕೇಳಬೇಕೆ ಬೇಡವೆ ಎಂಬ ನಿರ್ಧಾರಗಳು ಬೇರೆ ಬೇರೆ ಸ್ಥಳದಲ್ಲಿರುತ್ತವೆ. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ತಂಗಿ ಅದೇ ಯಂತ್ರದಲ್ಲಿ ಪಾಠ ನೋಡುತ್ತಾಳೆ. ಅಡಿಗೆಮನೆಗೆ ಹೋಗಿ ಬರುವಷ್ಟರಲ್ಲಿ ಅದು ಮಲಗಿಬಿಡುವುದು, ಎದ್ದಾಗಲೆಲ್ಲ ಗುಪ್ತಪದ ಬಡಿಯಬೇಕಾಗುವುದು; “ಏನಣ್ಣಾ ಇದು ಪೀಡೆ” ಎಂದು ಅವಳ ಗೋಳು. ಒಂದು ದಿನ ನಾನು ಆ ಎರಡನೆಯ ಬೀಗವನ್ನು ತೆಗೆದುಹಾಕಿ ಮರೆತುಬಿಟ್ಟಿದ್ದೆ. ಬೆಳಗ್ಗೆ ಕೇಳುವ ಮೊದಲನೆಯ ಬೀಗವನ್ನು ದಿನವೂ ಕಂಡು, ಎಲ್ಲವೂ ಭದ್ರವಾಗಿದೆಯೆಂಬ ಭ್ರಮೆಯಲ್ಲಿದ್ದೆ.

ಸರಿಪಡಿಸಿಕೊಳ್ಳುವುದು ಎರಡು ನಿಮಿಷದ ಕೆಲಸ. ವಿಂಡೋಸ್ 10 ಅಥವಾ 11 ಆದರೆ ‘ಸೆಟಿಂಗ್ಸ್’ ತೆರೆದು ‘ಅಕೌಂಟ್ಸ್’ ಎಂಬಲ್ಲಿಗೆ ಹೋಗಿ, ಅದರಲ್ಲಿ ‘ಸೈನ್-ಇನ್ ಆಪ್ಷನ್ಸ್’ ಎಂಬುದನ್ನು ಒತ್ತಬೇಕು. ಅಲ್ಲಿ ಕೆಳಗೆ, ನೀವು ಯಂತ್ರ ಬಿಟ್ಟು ಹೋಗಿ ಬಂದರೆ ಯಾವಾಗ ಮತ್ತೆ ಗುರುತು ಕೇಳಬೇಕು ಎಂಬ ಅರ್ಥದ ಒಂದು ಪ್ರಶ್ನೆ ಇರುತ್ತದೆ. ಅದರ ಮುಂದೆ ‘ನೆವರ್’, ಅಂದರೆ ಎಂದಿಗೂ ಬೇಡ, ಎಂದು ಇದ್ದರೆ ನಿಮ್ಮ ಸ್ಥಿತಿಯೂ ನನ್ನ ಸ್ಥಿತಿಯೇ. ಅದನ್ನು ಬದಲಿಸಿ, ನಿದ್ರೆಯಿಂದ ಎದ್ದಾಗ ಎಂಬ ಅರ್ಥದ ಆಯ್ಕೆಯನ್ನು ಇಡಬೇಕು. ಕೆಲವು ಹೊಸ ಯಂತ್ರಗಳಲ್ಲಿ ಪ್ರತಿಸಲ, ಒಂದು ನಿಮಿಷದ ಮೇಲೆ ಎಂದೆಲ್ಲ ಬೇರೆ ಆಯ್ಕೆಗಳೂ ಇರುತ್ತವೆ. ಆಗ ‘ಪ್ರತಿಸಲ’ ಎಂಬುದೇ ಉತ್ತಮ. ಲಘುನಿದ್ರೆಗೊಂದು, ದೀರ್ಘನಿದ್ರೆಗೊಂದು ಎಂದು ಬೇರೆ ಬೇರೆ ಆಯ್ಕೆ ಇರುವುದಿಲ್ಲ. ಇದೊಂದೇ ಎರಡನ್ನೂ ಕಾಯುತ್ತದೆ. ಖಾತೆಗೆ ಗುಪ್ತಪದವನ್ನೇ ಇಟ್ಟಿರದಿದ್ದರೆ ಕೇಳುವುದಕ್ಕೆ ಏನೂ ಇರುವುದಿಲ್ಲವೆಂಬುದು ಸ್ಪಷ್ಟವಷ್ಟೆ.

ಮಾಡಿದ ಮೇಲೆ ಪರೀಕ್ಷಿಸಿ ನೋಡಬೇಕು. ಒಂದು ಕಾಗದ ತೆರೆದಿಟ್ಟು ಯಂತ್ರವನ್ನು ದೀರ್ಘನಿದ್ರೆಗೆ ಕಳಿಸಿ, ಐದು ನಿಮಿಷ ಬಿಟ್ಟು ಎಬ್ಬಿಸಿ. ಅನೇಕ ಯಂತ್ರಗಳಲ್ಲಿ ಹೈಬರ್ನೇಟ್ ಎಂಬ ಮಾತೇ ಆರಿಸುವ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಕಂಟ್ರೋಲ್ ಪ್ಯಾನೆಲಿನ ‘ಪವರ್ ಆಪ್ಷನ್ಸ್’ ವಿಭಾಗದಲ್ಲಿ, ಗುಂಡಿಯೊತ್ತಿದರೆ ಏನಾಗಬೇಕೆಂದು ಆರಿಸುವ ಪುಟದೊಳಗೆ, ಅದಕ್ಕೊಂದು ಗುರುತು ಹಾಕಿದರೆ ಆಮೇಲೆ ಪಟ್ಟಿಗೆ ಬರುತ್ತದೆ. ಪಟ್ಟಿಯಲ್ಲಿ ಕಾಣದಿದ್ದರೆ ನಮ್ಮ ಯಂತ್ರಕ್ಕೆ ದೀರ್ಘನಿದ್ರೆ ಬರುವುದಿಲ್ಲವೆಂದು ಭಾವಿಸಬೇಡಿ, ನನ್ನದರಲ್ಲೂ ಕಾಣುತ್ತಿರಲಿಲ್ಲ. ಇದ್ದ ಸ್ಥಳದಲ್ಲಿಯೇ ತಕ್ಷಣ ಬೀಗ ಹಾಕಿ ಎದ್ದುಹೋಗಬೇಕಾದರೆ ವಿಂಡೋಸ್ ಚಿಹ್ನೆಯ ಗುಂಡಿಯೊಡನೆ ‘ಎಲ್’ ಒತ್ತಿದರೆ ಸಾಕು. ಗ್ರಂಥಾಲಯದಲ್ಲಿ ಯಂತ್ರ ತೆರೆದಿಟ್ಟು ಕಾಫಿಗೆ ಹೋಗುವ ಮಿತ್ರರು ಈ ಒಂದನ್ನಾದರೂ ಕಲಿಯಲಿ.

ತಂಗಿಯ ಗೋಳಿಗೂ ಪರಿಹಾರ ದೊರೆಯಿತು. ಅವಳಿಗೆ ಬೇರೆಯೇ ಒಂದು ಖಾತೆ ಮಾಡಿಕೊಟ್ಟೆ. ಅವಳ ಕೋಣೆ ಅವಳಿಗೆ, ನನ್ನ ಕೋಣೆ ನನಗೆ. ಅವಳದಕ್ಕೆ ನಾಲ್ಕಂಕಿಯ ಪಿನ್. ಬಡಿಯಲು ಅರೆನಿಮಿಷವೂ ಬೇಡ. ಇದನ್ನು ಮೊದಲೇ ಮಾಡಬಹುದಿತ್ತು.

ಇತಿಹಾಸದ ವಿದ್ಯಾರ್ಥಿಯಾದ್ದರಿಂದ ಈ ಗುಪ್ತಪದದ ಪೂರ್ವೋತ್ತರವನ್ನು ಒಂದಿಷ್ಟು ಹುಡುಕಿದೆ. ಗಣಕಯಂತ್ರಕ್ಕೆ ಗುಪ್ತಪದ ಇಡುವ ಪದ್ಧತಿಯ ಮೊದಲ ಉದಾಹರಣೆಗಳಲ್ಲಿ ಒಂದು, ಅಮೆರಿಕದ ಎಂ.ಐ.ಟಿ.ಯಲ್ಲಿ 1960ರ ದಶಕದ ಆರಂಭದಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬವರ ನೇತೃತ್ವದಲ್ಲಿ ನಡೆದ ಕೆಲಸ. ಯಂತ್ರ ಒಂದೇ, ಬಳಸುವವರು ಹಲವರು; ನಮ್ಮ ಮನೆಯ ಸ್ಥಿತಿಯೇ! ವಾರಕ್ಕೆ ಇಂತಿಷ್ಟು ಗಂಟೆ ಎಂದು ಹಂಚಿಕೆ. ತನ್ನ ಪಾಲಿನ ಗಂಟೆಗಳು ಸಾಲದೆಹೋದ ಆಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿ 1962ರಲ್ಲಿ ಮಾಡಿದ್ದೇನೆಂದರೆ, ಗುಪ್ತಪದಗಳಿದ್ದ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಒಂದು ಚೀಟಿ ಹಾಕಿದ್ದು. ಯಂತ್ರ ವಿನಯದಿಂದ ಮುದ್ರಿಸಿಕೊಟ್ಟಿತು. ಬಾಗಿಲಿಗೆ ಬೀಗ ಹಾಕಿ ಒಳಗಿನ ಕಡತವನ್ನು ಬಿಚ್ಚಿಟ್ಟರೆ ಹೀಗೆ. ಈ ಸಂಗತಿಗೆ ಮತ್ತೆ ಬರುತ್ತೇನೆ.

ನಮ್ಮ ನಾಡಿನಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆಯಿದೆ. ಒಂದು ಕಾಲಕ್ಕೆ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಮನೆಯಲ್ಲಿ, ಬಟ್ಟೆಯಲ್ಲಿ ಕಟ್ಟಿದ ದಫ್ತರಗಳಲ್ಲಿ ಇರುತ್ತಿತ್ತು. ಅದನ್ನು ನೋಡಬಲ್ಲವರು, ತಿದ್ದಬಲ್ಲವರು ಅವರೊಬ್ಬರೇ. ವಂಶಪಾರಂಪರ್ಯದ ಈ ಗ್ರಾಮಾಧಿಕಾರವನ್ನು ರದ್ದುಪಡಿಸುವ ಶಾಸನ 1961ರಲ್ಲಿ ಆಗಿ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಿತು. ದಫ್ತರ ಗ್ರಾಮಲೆಕ್ಕಿಗರ ಕೈಗೆ ಹೋಯಿತು. ಮುಂದೆ 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ತಾಲ್ಲೂಕು ಕಚೇರಿಗಳ ಗಣಕಯಂತ್ರಕ್ಕೆ ಏರಿದುವು. 67 ಲಕ್ಷ ರೈತರ ಹೆಸರುಗಳು. 15 ರೂಪಾಯಿ ಕೊಟ್ಟು ಪಹಣಿ ಪಡೆಯುವ ಕಾಲ ಬಂದಿತು. ಆಗ ಕಾರ್ಯಕರ್ತರು ಎದುರಿಸಿದ ಪ್ರಶ್ನೆಯೂ ಇದೇ: ಯಂತ್ರದ ಮುಂದೆ ಕುಳಿತಿರುವವನು ಯಾರು? ಗುಪ್ತಪದವೊಂದನ್ನೇ ನಂಬಿದರೆ ಅದನ್ನು ಇನ್ನೊಬ್ಬರಿಗೆ ಹೇಳಿಕೊಡಬಹುದು, ಆಮೇಲೆ ‘ಅದನ್ನು ತಿದ್ದಿದವನು ನಾನಲ್ಲ’ ಎಂದುಬಿಡಬಹುದು. ಅದಕ್ಕಾಗಿ ನೌಕರರು ಬೆರಳಚ್ಚು ಒತ್ತಿಯೇ ಯಂತ್ರದೊಳಕ್ಕೆ ಹೋಗಬೇಕೆಂಬ ಏರ್ಪಾಡನ್ನು ಅದರಲ್ಲಿ ಮಾಡಿದರು. ಬೆರಳನ್ನು ಎರವಲು ಕೊಡಲಾಗುವುದಿಲ್ಲವಷ್ಟೆ. ಅಕ್ಷರ ಬಾರದ ನಮ್ಮ ಹಿರಿಯರು ಒತ್ತುತ್ತಿದ್ದ ಹೆಬ್ಬೆಟ್ಟು, ಅಕ್ಷರಸ್ಥ ಅಧಿಕಾರಿಗಳಿಗೇ ಕಡ್ಡಾಯವಾದುದನ್ನು ನೆನೆದರೆ ನನಗೆ ಸ್ವಲ್ಪ ನಗು ಬರುತ್ತದೆ.

ಸರ್ಕಾರದ ದಫ್ತರಕ್ಕೆ ಇಷ್ಟೆಲ್ಲ ಕಾವಲು ಇದ್ದೂ, ಅದೇ ಜನರ ಅದೇ ಕಾಗದಗಳು ನನ್ನಂಥವರ ಚೀಲದಲ್ಲಿ ಬಸ್ಸಿನ ಅಟ್ಟದ ಮೇಲೆ ಪ್ರಯಾಣ ಮಾಡುತ್ತಿವೆ. ನಮ್ಮ ತರಗತಿಯಲ್ಲಿ ಹೀಗೆ ಊರಿನವರ ಅರ್ಜಿ ಹಾಕಿಕೊಡುವವರು ಎಷ್ಟು ಮಂದಿ ಎಂದು ಕೈಯೆತ್ತಿಸಿದರೆ, ಮೊದಲ ತಲೆಮಾರಿನಲ್ಲಿ ಓದಲು ಬಂದ ನಾವೆಲ್ಲರೂ ಎತ್ತುತ್ತೇವೆ. ಅನ್ಯರ ಗುಪ್ತಪದವನ್ನು ಮೋಸದಿಂದ ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಸಿ ಪ್ರಕರಣದಲ್ಲಿ 3 ವರ್ಷದವರೆಗೆ ಸೆರೆವಾಸ, 1 ಲಕ್ಷದವರೆಗೆ ದಂಡ ಎಂದು ವಿಧಿಸಿದೆ. ಆದರೆ ಮಾಲೂರಿನ ಟೀ ಅಂಗಡಿಯಲ್ಲಿ ಮೋಸ ಮಾಡಿದವರು ಯಾರು? ಅಲ್ಲಿ ಗುಪ್ತಪದವೇ ಇರಲಿಲ್ಲ.

ಎದ್ದಾಗ ಕೇಳುವ ಬೀಗವನ್ನು ಹಾಕಿದೊಡನೆ ನಾನು ಮತ್ತೆ ನಿಶ್ಚಿಂತನಾಗುವುದರಲ್ಲಿದ್ದೆ. ಆಗ ಮುಳಬಾಗಿಲಿನ ಮಿತ್ರ, “ತಡೆಯೋ, ಒಂದು ತೋರಿಸ್ತೀನಿ ಬಾ” ಎಂದು ಅಂಗಡಿಗೆ ಕರೆದುಕೊಂಡು ಹೋದ. ಕೆಟ್ಟು ಬಂದಿದ್ದ ತನ್ನದೇ ಹಳೆಯ ಯಂತ್ರವೊಂದರ ಡಿಸ್ಕನ್ನು ನಾಲ್ಕು ತಿರುಪು ಬಿಚ್ಚಿ ಹೊರತೆಗೆದು, ಒಂದು ತಂತಿಯಿಂದ ಇನ್ನೊಂದು ಯಂತ್ರಕ್ಕೆ ಜೋಡಿಸಿದ. ಅದರ ಕಡತಗಳೆಲ್ಲ ಒಂದರ ಹಿಂದೊಂದು ತೆರೆದುಕೊಂಡುವು. ಗುಪ್ತಪದ ಎಲ್ಲಿಯೂ ಅಡ್ಡ ಬರಲಿಲ್ಲ. ಅದು ಬಾಗಿಲಿನ ಬೀಗ. ಇವನು ಗೋಡೆಯನ್ನೇ ತೆಗೆದಿಟ್ಟಿದ್ದ. ದೀರ್ಘನಿದ್ರೆಯ ನಕಲು ಹಾಳೆಯೂ ಅದೇ ಡಿಸ್ಕಿನಲ್ಲಿಯೇ ಇರುತ್ತದೆ. ಮಲಗುವ ಗಳಿಗೆಯಲ್ಲಿ ಪರದೆಯ ಮೇಲೆ ಇದ್ದುದು, ನಾವು ಉಳಿಸಿಕೊಳ್ಳದೆ ಬಿಟ್ಟ ಬರಹ, ಕೆಲವೊಮ್ಮೆ ಬೇರೆ ಬೇರೆ ಖಾತೆಗಳ ಗುಪ್ತಪದಗಳೂ ಅದರಲ್ಲಿ ಇರಬಲ್ಲುವು. ಅದನ್ನು ಹೆಕ್ಕಿ ತೆಗೆಯುವ ಉಪಕರಣಗಳು ಇವೆ. ಆಲನ್ ಶೆರ್ ಮಾಡಿದ್ದೂ ಇದೇ ಅಲ್ಲವೆ? ಅವನು ಬೀಗವನ್ನು ಮುರಿಯಲಿಲ್ಲ. ಅದರ ಹಿಂದಿನ ಕಡತವನ್ನು ಓದಿಕೊಂಡ.

ಇದಕ್ಕೆ ಮದ್ದೆಂದರೆ ಡಿಸ್ಕಿನ ಬರಹವನ್ನೇ ಗೂಢಲಿಪಿಗೆ ತಿರುಗಿಸಿಡುವುದು. ವಿಂಡೋಸಿನ ಪ್ರೊ ಆವೃತ್ತಿಯಲ್ಲಿ ಇದಕ್ಕೆ ಬಿಟ್‌ಲಾಕರ್ ಎಂಬ ಸೌಕರ್ಯವಿದೆ. ಹೋಮ್ ಆವೃತ್ತಿಯಲ್ಲಿಯೂ ತಕ್ಕ ಯಂತ್ರವಾದರೆ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಹೆಸರಿನಿಂದ ಇರುತ್ತದೆ. ನನ್ನದು ಕಚೇರಿಯಲ್ಲಿ ದುಡಿದ ಯಂತ್ರವಾದ್ದರಿಂದ ಅದೃಷ್ಟವಶಾತ್ ಪ್ರೊ. ಲಿನಕ್ಸ್ ಬಳಸುವವರಿಗೆ ಲಕ್ಸ್ ಎಂಬುದು ಉಂಟು. ಬಿಟ್‌ಲಾಕರನ್ನು ಚಾಲೂ ಮಾಡಿದಾಗ 48 ಅಂಕಿಗಳ ಒಂದು ಕೀಲಿಸಂಖ್ಯೆ ಕೊಡುತ್ತದೆ. ಅದನ್ನು ಕಳೆದುಕೊಂಡು, ಯಂತ್ರ ಎಂದಾದರೂ ಅದನ್ನೇ ಕೇಳಿತೆಂದರೆ, ನಮ್ಮ ಕಡತಗಳು ನಮಗೂ ಇಲ್ಲ. ನಾನು ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಅಮ್ಮನ ಟ್ರಂಕಿನಲ್ಲಿ, ಜಮೀನಿನ ಪತ್ರಗಳ ಕೆಳಗೆ ಇಟ್ಟಿದ್ದೇನೆ. ಅದೇನೆಂದು ಅಮ್ಮ ಕೇಳಿದರು. ಕೀಲಿ ಎಂದೆ. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಒಳಗಿಟ್ಟರು.

ಗೂಢಲಿಪಿ ಇದ್ದಮೇಲೆ ಎದ್ದಾಗ ಕೇಳುವ ಬೀಗ ಬೇಡವೆಂದು ಯಾರಾದರೂ ಎಂದಾರು. ಅದು ತಪ್ಪು. ಸಾಮಾನ್ಯ ಏರ್ಪಾಡಿನಲ್ಲಿ ಬಿಟ್‌ಲಾಕರಿನ ಕೀಲಿ ಯಂತ್ರದೊಳಗಿನ ಒಂದು ಚಿಪ್ಪಿನಲ್ಲಿಯೇ ಇರುತ್ತದೆ. ಅದೇ ಯಂತ್ರದಲ್ಲಿ ಗುಂಡಿಯೊತ್ತಿದರೆ ಚಿಪ್ಪು ಕೀಲಿಯನ್ನು ತಾನಾಗಿಯೇ ಕೊಟ್ಟುಬಿಡುತ್ತದೆ. ಆಮೇಲೆ ಬಂದವನಿಗೂ ಕಡತಕ್ಕೂ ನಡುವೆ ನಿಲ್ಲುವುದು ಆ ಗುಪ್ತಪದವೊಂದೇ. ನನ್ನ ಯಂತ್ರದಲ್ಲಿ ಆಗ ಬಿಟ್‌ಲಾಕರ್ ಇದ್ದಿದ್ದರೂ ಟೀ ಅಂಗಡಿಯಲ್ಲಿ ಪಾಸ್‌ಬುಕ್ಕು ತೆರೆದುಕೊಂಡೇ ತೆರೆದುಕೊಳ್ಳುತ್ತಿತ್ತು. ಗೋಡೆಯೂ ಬೇಕು, ಬಾಗಿಲೂ ಬೇಕು.

ಹಾಗಾದರೆ ದೀರ್ಘನಿದ್ರೆಯೇ ಅಪಾಯಕರ, ಅದನ್ನು ನಿಲ್ಲಿಸಿಬಿಡೋಣವೆಂದು ಮೊದಲು ನನಗೂ ತೋರಿತು. ಆದರೆ ಗೂಢಲಿಪಿಯ ಯಂತ್ರದಲ್ಲಿ ಲಘುನಿದ್ರೆಗಿಂತ ದೀರ್ಘನಿದ್ರೆಯೇ ಹೆಚ್ಚು ಕ್ಷೇಮ. ಲಘುನಿದ್ರೆಯಲ್ಲಿ ಕೀಲಿಯೂ ಹಲಗೆಯ ಮೇಲೆಯೇ ಇರುತ್ತದೆ. ವಿದ್ಯುತ್ತು ನಿಂತ ಮೇಲೂ ರ‍್ಯಾಮಿನ ಬರಹ ಕೂಡಲೇ ಮಾಯವಾಗದೆ ಕೆಲವು ಸೆಕೆಂಡು, ಚೆನ್ನಾಗಿ ತಂಪು ಮಾಡಿದರೆ ಎಷ್ಟೋ ನಿಮಿಷ ಉಳಿಯುತ್ತದೆಂದೂ ಅದರಿಂದ ಕೀಲಿಯನ್ನು ಓದಬಹುದೆಂದೂ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2008ರಲ್ಲಿ ತೋರಿಸಿಕೊಟ್ಟಿತು. ನಮ್ಮ ಬಸ್ ನಿಲ್ದಾಣದಲ್ಲಿ ಯಾರೂ ಮಂಜುಗಡ್ಡೆ ಹಿಡಿದುಕೊಂಡು ಕಾಯುತ್ತಿರಲಾರರು, ಅದು ಬೇರೆ ಮಾತು. ನಾನಂತೂ ಈಗ ಬಸ್ಸು ಹತ್ತುವ ಮುನ್ನ ಯಂತ್ರವನ್ನು ದೀರ್ಘನಿದ್ರೆಗೆ ಕಳಿಸುತ್ತೇನೆ. ಕೆಲಸ ಮುಗಿದಿದ್ದರೆ ಪೂರ್ತಿ ಆರಿಸಿಯೇಬಿಡುತ್ತೇನೆ.

ಗುಪ್ತಪದ ಎಂಥದಿರಬೇಕು? ಹುಟ್ಟಿದ ದಿನ, ಫೋನಿನ ಸಂಖ್ಯೆ ಬೇಡ. ಅವೆರಡೂ ನಮ್ಮ ಅರ್ಜಿಗಳ ಮೇಲೆಯೇ ಬರೆದಿರುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತು ಜೋಡಿಸಿದರೆ ಉದ್ದವೂ ಆಗುತ್ತದೆ, ನೆನಪಿನಲ್ಲಿಯೂ ನಿಲ್ಲುತ್ತದೆ. ಚಿಹ್ನೆ ಅಂಕಿಗಳ ಕಸರತ್ತಿಗಿಂತ ಉದ್ದವೇ ಮೇಲೆಂಬುದು ಈಗಿನ ಬಲ್ಲವರ ಮತ.

ಒಂದು ತೊಡಕು ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಅಂದು ಬೀಗ ಇದ್ದಿದ್ದರೆ ಚೀಲ ನನಗೆ ಮರಳುತ್ತಿತ್ತೆ? ಅಂಗಡಿಯವರಿಗೆ ಯಂತ್ರ ಯಾರದೆಂದು ತಿಳಿದದ್ದೇ ಅದು ತೆರೆದುಕೊಂಡಿದ್ದರಿಂದ. ಮಿತ್ರನನ್ನು ಕೇಳಿದೆ. ಅವನು ಏನೂ ಹೇಳದೆ ಒಂದು ಬಿಳಿಯ ಚೀಟಿಯ ಮೇಲೆ ನನ್ನ ಹೆಸರು, ಕಾಲೇಜು, ಅಪ್ಪನ ಫೋನಿನ ಸಂಖ್ಯೆ ಬರೆದು ಯಂತ್ರದ ಬೆನ್ನಿಗೆ ಅಂಟಿಸಿ, ಮೇಲೆ ಟೇಪು ಎಳೆದ.

ಮುಗಿದ ಅರ್ಜಿಗಳ ಚಿತ್ರಗಳನ್ನು ಈಗ ನಾನು ಅಂದಂದೇ ಅಳಿಸಿಬಿಡುತ್ತೇನೆ. ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅತ್ತೆಯ ವಿಧವಾ ವೇತನ ದೀಪಾವಳಿಯ ಹೊತ್ತಿಗೆ ಮತ್ತೆ ಬರತೊಡಗಿತು. ಮೈದುನನಿಗೆ ಕೊಟ್ಟ ಹಣ ಇನ್ನೂ ಬಂದಿಲ್ಲ. ಮಗಳು ಈ ವರ್ಷ ನರ್ಸಿಂಗಿಗೆ ಸೇರಲಿಲ್ಲ. ಮುಂದಿನ ವರ್ಷ ಸೇರುವುದಾಗಿ ಹೇಳುತ್ತಾಳೆ. ಅವಳಿಗೆ ವಿದ್ಯಾರ್ಥಿವೇತನದ ವಿವರ ವಿಚಾರಿಸಬೇಕೆಂದು ಮೊನ್ನೆ ಅತ್ತೆ ನಮ್ಮ ಜಗುಲಿಗೆ ಬಂದರು. ಕೈಯಲ್ಲಿ ಅದೇ ಪ್ಲಾಸ್ಟಿಕ್ ಚೀಲ. ನಾನು ಮುಚ್ಚಳ ತೆರೆದೆ. ಯಂತ್ರ ಎದ್ದು ಗುಪ್ತಪದ ಕೇಳಿತು. “ಬೀಗ ಹಾಕಿದ್ದೀಯಾ?” ಎಂದರು. ಹಾಕಿದ್ದೇನೆಂದು ಪರದೆಯನ್ನು ಅವರ ಕಡೆಗೆ ತಿರುಗಿಸಿ ತೋರಿಸಿದೆ. ನಾನು ಅಕ್ಷರ ಒತ್ತಲು ತೊಡಗಿದಾಗ ಅವರು ತಮ್ಮ ಮುಖವನ್ನು ಬೀದಿಯ ಕಡೆಗೆ ತಿರುಗಿಸಿಕೊಂಡು ಕುಳಿತರು.